ಕೈಗೆಟುಕುವ ದೂರ

ಕುರ್ಚಿಗೆ ಅಂಟಿಕೊಂಡು ಕೂತಿದ್ದಾರೆ ಎಂದು ಜನ ರಾಜಕಾರಣಿಗಳನ್ನು ಬೈಯುವಾಗ ನಾನು ದನಿಗೂಡಿಸುವುದಿಲ್ಲ. ನಾನೂ ಅದೇ ಪೈಕಿ. ಅವರ ಕುರ್ಚಿಗಾದರೂ ಮೆತ್ತೆ ಇರುತ್ತದೆ, ಬೆನ್ನಿಗೆ ಬಿಳಿ ಟವೆಲ್ ಇರುತ್ತದೆ. ನನ್ನದು ಹೊನ್ನಾವರದ ಒಂದು ಸರ್ಕಾರಿ ಕಚೇರಿಯ ಮೂಲೆಯ ಕುರ್ಚಿ. ಅದರ ಪ್ಲಾಸ್ಟಿಕ್ ವಯರಿನ ಹೆಣಿಗೆ ನಡುವೆ ಸಡಿಲಾಗಿ ಜೋಳಿಗೆಯ ಹಾಗೆ ಕೆಳಗೆ ಇಳಿದಿದೆ. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೇಳಿದರೆ ನೀವು ಓದುವುದನ್ನು ಬಿಟ್ಟು ನಿಮ್ಮ ಅರ್ಜಿ ಎಲ್ಲಿಗೆ ಬಂತು ಎಂದು ಕೇಳಲು ಶುರುಮಾಡುತ್ತೀರಿ.

ಆ ಜೋಳಿಗೆಯೊಳಗೆ ಇಪ್ಪತ್ತಾರು ವರ್ಷ ಕೂತ ಮೇಲೆ, ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಏಳಲು ಹೋದೆ. ಏಳಲಾಗಲಿಲ್ಲ. ಸೊಂಟದ ಮೇಲಿನ ಅರ್ಧ ಎದ್ದಿತು, ಕೆಳಗಿನ ಅರ್ಧ ಕಡತ ನೋಡುತ್ತಾ ಅಲ್ಲೇ ಉಳಿಯಿತು. ನಮ್ಮ ಅಟೆಂಡರ್ ನಾರಾಯಣ ಓಡಿ ಬಂದ. ಮಾವಿನಕುರ್ವೆಯವನು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು, ದೋಣಿಯನ್ನು ದಡಕ್ಕೆಳೆದು ರೂಢಿ ಇರುವವನು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದುಂಟು. ನಾರಾಯಣನಿಗೆ ಕನ್ನಡಕ ಹಾಕಿದ ಹೆಂಗಸರೆಲ್ಲ ಅಕ್ಕೋರೇ. “ಅಕ್ಕೋರೆ, ಉಸ್ರು ಬಿಗಿ ಹಿಡ್ಕಣಿ” ಎಂದು ಎರಡೂ ರಟ್ಟೆ ಹಿಡಿದು ಒಂದೇ ಸಲಕ್ಕೆ ಎಳೆದು ನಿಲ್ಲಿಸಿದ. ನೋವಿಗಿಂತ ಹೆಚ್ಚಾಗಿ ನನಗೆ ನಾಚಿಕೆಯಾಯಿತು.

ಕುಮಟಾದ ಡಾಕ್ಟರು ಎಕ್ಸರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಮೂರು ತಿಂಗ್ಳು ಮನೇಲಿ ಇರಿ. ಅಲ್ಲ ಮೇಡಂ, ನಿಮ್ಗೆ ಇನ್ನು ಮೂರುವರೆ ವರ್ಷ ಸರ್ವಿಸ್ ಅಂತೀರಿ. ಸ್ವಯಂನಿವೃತ್ತಿ ತಕಂಡ್ರೆ ಆತಲ್ಲ? ಇನ್ನೆಂತಕ್ಕೆ ಒದ್ದಾಡೂದು?” ಎಂದರು. ನಾನು ಹೆದರಿ, ಕೆಲಸ ಬಿಡಲಾಗುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಅವರು ನನ್ನನ್ನು ತುಂಬಾ ಗೌರವದಿಂದ ನೋಡಿದರು. ಕಚೇರಿಯಲ್ಲೂ ಅದೇ ಸುದ್ದಿಯಾಯಿತು: ಎಂಥ ಕರ್ತವ್ಯನಿಷ್ಠೆ! ನಾನು ಯಾರ ತಪ್ಪು ಕಲ್ಪನೆಯನ್ನೂ ತಿದ್ದಲು ಹೋಗಲಿಲ್ಲ. ಒಳ್ಳೆಯ ಹೆಸರು ತಾನಾಗಿ ಬಂದಾಗ ಸುಮ್ಮನೆ ಸಹಿ ಮಾಡಿ ತೆಗೆದುಕೊಳ್ಳಬೇಕು.

ನಿಜ ಸಂಗತಿ ನಿಮಗೆ ಮಾತ್ರ ಹೇಳುತ್ತೇನೆ. ನಾನು ಕುಮಟಾದಲ್ಲಿ ಒಂದು ಬಾಡಿಗೆ ಮನೆಯ ಮಾಳಿಗೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆ ಆಗಲಿಲ್ಲ. ಯಾಕೆ ಎಂದು ಮೊದಲು ಎಲ್ಲರೂ ಕೇಳುತ್ತಿದ್ದರು, ಆಗ ಸಿಟ್ಟು ಬರುತ್ತಿತ್ತು. ಈಗ ಯಾರೂ ಕೇಳುವುದಿಲ್ಲ, ಅದಕ್ಕೂ ಸ್ವಲ್ಪ ಸಿಟ್ಟು ಬರುತ್ತದೆ. ವಾರದ ಆರು ದಿನ ಹೇಗೋ ಕಳೆಯುತ್ತದೆ. ಭಾನುವಾರ ಬಂತೆಂದರೆ ಬೆಳಗಿನಿಂದ ಯಾರೊಂದಿಗೂ ಮಾತಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ತಡೆಯಲಾಗದೆ ಇಳಿದು ಹೋಗಿ ಮೂಲೆಯ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣ ಕೇಳುತ್ತೇನೆ. ನನ್ನ ಒಲೆ ಲೈಟರಿನಿಂದ ಹೊತ್ತಿಕೊಳ್ಳುವಂಥದ್ದು. ಕಪಾಟಿನಲ್ಲಿ ಈಗ ಹನ್ನೊಂದು ಬೆಂಕಿಪೊಟ್ಟಣಗಳಿವೆ. ಡಾಕ್ಟರು ಮೂರು ತಿಂಗಳು ಎಂದಾಗ ನನ್ನ ಕಣ್ಣಮುಂದೆ ಬಂದದ್ದು ತೊಂಬತ್ತು ಭಾನುವಾರಗಳು, ಒಂದರ ಹಿಂದೆ ಒಂದು. ನಿವೃತ್ತಿ ಎಂದರೆ ಅದಕ್ಕೂ ಕೊನೆಯಿಲ್ಲ. ನನಗೆ ಆ ಹರಿದ ಕುರ್ಚಿ ಬಿಟ್ಟರೆ ನಾಲ್ಕು ಜನರ ನಡುವೆ ಕೂರಲು ಬೇರೆ ಜಾಗ ಇರಲಿಲ್ಲ.

ಆದ್ದರಿಂದ ಡಾಕ್ಟರ ಹತ್ತಿರ ಚೌಕಾಶಿ ಮಾಡಿದೆ. ಕೂರುವ ರೀತಿಯನ್ನೇ ಸರಿಮಾಡಿಕೊಂಡರೆ ಹೇಗೆ ಎಂದು ಕೇಳಿದೆ. “ಎರಡು ತಿಂಗ್ಳು ಟೈಮ್ ಕೊಡ್ತೆ. ಫಿಸಿಯೋಥೆರಪಿಗೆ ಹೋಗಿ, ಕುರ್ಚಿ ಟೇಬಲ್ ಸರಿ ಮಾಡ್ಕಣಿ. ಕಮ್ಮಿ ಆಗ್ಲಿಲ್ಲ ಅಂದ್ರೆ ಮತ್ತೆ ಮನೆ” ಎಂದರು. ಮನೆ ಎಂಬ ಮಾತನ್ನು ಅವರು ಜೈಲು ಎಂಬ ಹಾಗೆ ಹೇಳಲಿಲ್ಲ. ನಾನು ಹಾಗೆ ಕೇಳಿಸಿಕೊಂಡೆ.

ಮೊಬೈಲಿನಲ್ಲಿ ಹುಡುಕಿದಾಗ ತಿಳಿಯಿತು, ಕೂರುವುದಕ್ಕೂ ಒಂದು ಶಾಸ್ತ್ರವಿದೆ. ಅದಕ್ಕೆ ಮೊಬೈಲು ಕೊಟ್ಟ ಕನ್ನಡದ ಹೆಸರು ದಕ್ಷತಾಶಾಸ್ತ್ರ. ಸರ್ಕಾರಿ ನೌಕರಳ ಕಿವಿಗೆ ಈ ಶಬ್ದ ಸ್ವಲ್ಪ ಮುಜುಗರ ತರುವಂಥದ್ದು. ಮೊಣಕಾಲು ತೊಂಬತ್ತು ಡಿಗ್ರಿ, ಮೊಣಕೈ ತೊಂಬತ್ತು ಡಿಗ್ರಿ, ಸೊಂಟ ತೊಂಬತ್ತು ಡಿಗ್ರಿ. ಹೈಸ್ಕೂಲಿನಲ್ಲಿ ರೇಖಾಗಣಿತಕ್ಕೆ ಹೆದರಿ ಕಲಾವಿಭಾಗ ಸೇರಿದವಳನ್ನು ಅದು ನಲವತ್ತು ವರ್ಷ ಕಾದು ಹಿಡಿದಿತ್ತು. ಕಂಪ್ಯೂಟರಿನ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು. ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಎಲ್ಲಕ್ಕಿಂತ ಮುಖ್ಯ, ಪದೇ ಪದೇ ಬೇಕಾಗುವ ವಸ್ತುಗಳೆಲ್ಲ ಕೈಗೆಟುಕುವ ದೂರದಲ್ಲಿರಬೇಕು, ಬಗ್ಗಬಾರದು, ತಿರುಚಬಾರದು, ಏಳಬಾರದು. ಈ ಕೊನೆಯದನ್ನು ನಾನು ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನಡಿ ಇಟ್ಟುಕೊಂಡೆ.

ಶುರುವಿನಲ್ಲೇ ಶಾಸ್ತ್ರ ಶಾಸ್ತ್ರಗಳಿಗೆ ಜಗಳ ಬಂತು. ಬಾಗಿಲ ಬಳಿ ಕೂರುವ ನಮ್ಮ ಹಿರಿಯ ಗುಮಾಸ್ತ ಮಂಜುನಾಥರು ವಾಸ್ತುವಿನಲ್ಲಿ ಗಟ್ಟಿಗರು. “ಮೇಡಂ, ಮೊದ್ಲು ದಿಕ್ಕು ನೋಡಿ. ದಕ್ಷಿಣಕ್ಕೆ ಮುಖ ಹಾಕಂಡು ಕೂತ್ರೆ ಬೆನ್ನೊಂದೇ ಅಲ್ಲ, ಎಂತದೂ ಉಳಿಯೂದಿಲ್ಲ” ಎಂದರು. ಪೂರ್ವಕ್ಕೆ ತಿರುಗಿಸಿದೆವು. ಕಿಟಕಿಯ ಬೆಳಕು ನೇರ ಪರದೆಗೆ ಹೊಡೆದು ಅಕ್ಷರವೇ ಕಾಣದಾಯಿತು. ಒಂದು ವಾರ ವಾಸ್ತುಪ್ರಕಾರ ಕುರುಡಿಯಾಗಿದ್ದು, ಮತ್ತೆ ದಕ್ಷಿಣಕ್ಕೆ ಬಂದೆ. ಪರದೆ ಎತ್ತರಿಸಲು ಹಳೆಯ ರಿಜಿಸ್ಟರುಗಳು ಸಿಕ್ಕವು. ಅಪ್ಪಟ ಕಾಗದ, ಬಟ್ಟೆಯ ಬೈಂಡು, ಯಾರೂ ಕೇಳದ ಮೂರು ದಪ್ಪ ಪುಸ್ತಕಗಳು. ಬರೆದಿಟ್ಟವರ ಶ್ರಮ ಕೊನೆಗೂ ಯಾರದೋ ಕುತ್ತಿಗೆಗೆ ಉಪಯೋಗವಾಯಿತು.

ಪಾದದ ವಿಷಯದಲ್ಲಿ ದೊಡ್ಡ ತಪ್ಪು ಮಾಡಿದೆ. ನಾನು ಗಿಡ್ಡ. ಕುರ್ಚಿಯಲ್ಲಿ ಸರಿಯಾಗಿ ಕೂತರೆ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಮನೆಯಲ್ಲಿದ್ದ ಹಲಸಿನ ಮಣೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದು ಕಾಲಡಿ ಇಟ್ಟುಕೊಂಡೆ. ಅಳತೆ ಮಾಡಿಸಿದ ಹಾಗಿತ್ತು. ಚಹಾ ತಂದ ನಾರಾಯಣ ಬಗ್ಗಿ ನೋಡಿದವನು ಲೋಟ ಕೆಳಗಿಡದೆ ನಿಂತುಬಿಟ್ಟ. “ಅಯ್ಯೋ ಅಕ್ಕೋರೆ, ಮಣೆ ಮೇಲೆ ಕಾಲಿಡ್ತ್ರಾ? ಉಣ್ಣೂಕೆ ಕೂರೂ ಮಣೆ ಅಲ್ದಾ ಅದು?” ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೌದಲ್ಲ, ನಮ್ಮಮ್ಮ ಮಣೆಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಒಬ್ಬಳೇ ನಿಂತುಕೊಂಡು ಉಣ್ಣುವ ಅಭ್ಯಾಸವಾಗಿ ಮಣೆ ಯಾಕಿದೆ ಎಂಬುದೇ ಮರೆತುಹೋಗಿತ್ತು. ನಾರಾಯಣ ಮರುದಿನ ಗೋಡೆ ಕಟ್ಟುವ ಕೆಂಪು ಚಿರೆಕಲ್ಲೊಂದನ್ನು ಅರ್ಧ ಮಾಡಿಸಿ ತಂದು, ಮೇಲೆ ಗೋಣಿ ಸುತ್ತಿ ಕೊಟ್ಟ. ಅಗಲಕ್ಕೂ ಎತ್ತರಕ್ಕೂ ಅದೇ ಸರಿಹೋಯಿತು.

ಯೋಚನೆ ಮಾಡಿದರೆ ಕುರ್ಚಿ ನಮ್ಮದಲ್ಲವೇ ಅಲ್ಲ. ಕುರ್ಚಿ ಎಂಬ ಶಬ್ದ ಅರಬ್ಬರ ಕಡೆಯಿಂದ ತಿರುಗಾಡಿಕೊಂಡು ಬಂದದ್ದಂತೆ. ಮೇಜು ಪಾರ್ಸಿಯದೋ ಪೋರ್ಚುಗೀಸರದೋ ಎಂದು ತಿಳಿದವರು ಇನ್ನೂ ಹಗ್ಗ ಜಗ್ಗುತ್ತಿದ್ದಾರೆ. ಯಾರದಾದರೂ ನಮ್ಮ ಬಂದರಿನಲ್ಲೇ ಇಳಿದಿರಬೇಕೆಂಬುದು ಕರಾವಳಿಯವಳಾದ ನನ್ನ ಹಟ. ನಮ್ಮದು ಮಣೆ, ಚಾಪೆ, ಜಗುಲಿ. ಕುಕ್ಕರುಗಾಲು, ಚಕ್ಕಳಮಕ್ಕಳ. ಕಾಲು ಇಳಿಬಿಟ್ಟು ದಿನವಿಡೀ ಕೂರುವುದಕ್ಕೆ ಒಂದು ಹೆಸರನ್ನೇ ನಮ್ಮವರು ಇಟ್ಟಿಲ್ಲ. ಗಣಪತಿಯನ್ನೇ ನೋಡಿ. ಮಹಾಭಾರತವನ್ನು ಹೇಳಿದ ಹಾಗೆ ಬರೆದುಕೊಂಡ ಮೊದಲ ಗುಮಾಸ್ತ ಅವನು. ಹೆಚ್ಚಿನ ಊರುಗಳಲ್ಲಿ ಆರಾಮಾಗಿ ಕೂತಿರುತ್ತಾನೆ. ನಮ್ಮ ತಾಲೂಕಿನ ಇಡಗುಂಜಿಯಲ್ಲಿ ನಿಂತಿದ್ದಾನೆ. ಅಷ್ಟು ಬರೆದ ಮೇಲೆ ಅವನಿಗೂ ಯಾರೋ ಕೂರಬೇಡ ಎಂದಿರಬಹುದು. ಈಗಿನ ಕಾಲದಲ್ಲಿ ದೊಡ್ಡ ಕಂಪನಿಗಳವರು ನಿಂತು ಕೆಲಸ ಮಾಡುವ ಮೇಜು ತರಿಸುತ್ತಾರೆಂದು ಓದಿದಾಗ ನಾನು ಇಡಗುಂಜಿಯ ದಿಕ್ಕಿಗೆ ಕೈಮುಗಿದೆ.

ಫಿಸಿಯೋಥೆರಪಿ ಮಾಡುವವಳು ಫರ್ಹಾನಾ, ಭಟ್ಕಳದ ಹುಡುಗಿ. ಮದುವೆಯಾಗಿ ಹೊನ್ನಾವರಕ್ಕೆ ಬಂದು ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಕ್ಲಿನಿಕ್ ಇಟ್ಟುಕೊಂಡಿದ್ದಾಳೆ. ಮನೆಯಲ್ಲಿ ನವಾಯತಿ, ಪೇಷಂಟಿನ ಹತ್ತಿರ ಕನ್ನಡ, ಅವಸರದಲ್ಲಿ ಉರ್ದು. ಪ್ರತಿ ಗುರುವಾರ ಒಂದು ತಾಸು ಅನುಮತಿ ಪಡೆದು ನಾಲ್ಕೂವರೆಗೆ ಹೋಗುತ್ತಿದ್ದೆ. ಮೊದಲ ದಿನ ನನ್ನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ನಿಧಾನಕ್ಕೆ ಕೆಳಗೆ ಜಾರಿ, ಮತ್ತೆ ಮೇಲೆ ಬರಲು ಹೇಳಿದಳು. ನಾನು ಕಷ್ಟಪಟ್ಟು ಅರ್ಧಕ್ಕೆ ಜಾರಿದ್ದೆ. ನನ್ನ ಮುಖ ನೋಡಿ ಅವಳಿಗೆ ಕನಿಕರ ಬಂದಿರಬೇಕು. “ಬಸ್ ಆಂಟಿ, ಬಸ್!” ಎಂದಳು. ನಾನು ಕೂಡಲೇ ಕೂತೆ. ಕೂತದ್ದು ಪಕ್ಕದಲ್ಲಿದ್ದ ದೊಡ್ಡ ನೀಲಿ ರಬ್ಬರು ಚೆಂಡಿನ ಮೇಲೆ. ಚೆಂಡು ಒಂದು ಕಡೆ ಹೋಯಿತು, ನಾನೊಂದು ಕಡೆ ಹೋದೆ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಅವಳ ಉರ್ದುವಿನಲ್ಲಿ ಬಸ್ ಎಂದರೆ ಸಾಕು. ಆದರೆ ಕಾರವಾರದ ಕೊಂಕಣಿಯಲ್ಲಿ ಬಸಾ ಎಂದರೆ ಕೂತುಕೊಳ್ಳಿ. ಹದಿನೆಂಟು ವರ್ಷ ನನ್ನೆದುರಿನ ಕುರ್ಚಿಯಲ್ಲಿ ಕೂತಿದ್ದ ಶಾಲಿನಿ ಕಾರವಾರದವಳು. ದಿನಾ ಬೆಳಿಗ್ಗೆ ನಾನು ಕುಮಟಾ ಬಸ್ಸಿನಿಂದ ಇಳಿದು ಏದುಸಿರು ಬಿಡುತ್ತಾ ಬಂದರೆ, “ಬಸಾ ಬಸಾ, ಬಸ್ಸು ಲೇಟಾ?” ಎನ್ನುತ್ತಿದ್ದಳು. ಆ ಶಬ್ದಕ್ಕೆ ನನ್ನ ಮೊಣಕಾಲು ನನ್ನನ್ನು ಕೇಳದೆ ಮಡಚಿಕೊಳ್ಳುತ್ತದೆ. ಅದನ್ನೆಲ್ಲ ನೆಲದ ಮೇಲೆ ಬಿದ್ದುಕೊಂಡೇ ಫರ್ಹಾನಾಳಿಗೆ ವಿವರಿಸಿದೆ. ಅವಳು ಮೊದಲು ಹೆದರಿದ್ದವಳು, ಆಮೇಲೆ ನಗಲು ಶುರುಮಾಡಿ ಗೋಡೆ ಹಿಡಿದುಕೊಂಡಳು. ನಾನೂ ನಕ್ಕೆ, ಬೆನ್ನು ನೋಯುತ್ತಿದ್ದರೂ ನಕ್ಕೆ. ಅಷ್ಟು ನಕ್ಕು ಒಂದು ವರ್ಷವಾಗಿತ್ತು. ಯಾಕೆಂದರೆ ಶಾಲಿನಿ ನಿವೃತ್ತಳಾಗಿ ಕಾರವಾರಕ್ಕೆ ಹೋಗಿ ಒಂದು ವರ್ಷವಾಗಿತ್ತು.

ಅವಳ ಜಾಗಕ್ಕೆ ಯಾರೂ ಬರಲಿಲ್ಲ. ನಮ್ಮಿಬ್ಬರದು ಎದುರುಬದುರು ಜೋಡಿಸಿದ ಎರಡು ಮೇಜು. ಮೊದಮೊದಲು ಅವಳು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು. ಆಮೇಲೆ ಹಬ್ಬಕ್ಕೆ ಮಾಡಿದಳು. ಈಗ ಹಬ್ಬಕ್ಕೆ ದೀಪದ ಚಿತ್ರ ಕಳಿಸುತ್ತಾಳೆ. ಅವಳದು ತಪ್ಪೆಂದು ನಾನು ಹೇಳುವುದಿಲ್ಲ, ಅಲ್ಲಿ ಅಣ್ಣನ ಮನೆ, ಮೊಮ್ಮಕ್ಕಳ ವಯಸ್ಸಿನ ಮಕ್ಕಳು, ಅವಳಿಗೆ ಪುರುಸೊತ್ತಿಲ್ಲ. ಆದರೆ ಎದುರಿಗೆ ಖಾಲಿ ಕುರ್ಚಿ ಇಟ್ಟುಕೊಂಡು ಕೆಲಸ ಮಾಡುವುದು ಕಷ್ಟ. ತಲೆ ಎತ್ತಿದಾಗಲೆಲ್ಲ ಮಾತಿಗೆ ಬಾಯಿ ತೆರೆದು ಮುಚ್ಚಬೇಕಾಗುತ್ತದೆ. ಕೈಗೆಟುಕುವ ದೂರದ ಶಾಸ್ತ್ರ ಸಿಕ್ಕಿದ ಮೇಲೆ ನಾನು ಅವಳ ಮೇಜನ್ನೂ ಸೇರಿಸಿಕೊಂಡು ವ್ಯವಸ್ಥೆ ಮಾಡಿದೆ. ಆ ಕುರ್ಚಿಯ ಮೇಲೆ ಕಡತದ ಕಟ್ಟು, ಕಡತದ ಕಟ್ಟಿನ ಮೇಲೆ ಇನ್ನೊಂದು ಕಟ್ಟು. ಖಾಲಿ ಕಾಣದಿದ್ದರೆ ಸಾಕಾಗಿತ್ತು.

ಉಳಿದ ಸಾಮಾನುಗಳನ್ನು ಕುಮಟಾದ ಅಂಗಡಿಯಿಂದ ಒಂದೊಂದಾಗಿ ತಂದೆ. ನಿಮಗೆ ನಮ್ಮ ಕಚೇರಿಯ ಹಳೆಯ ಪದ್ಧತಿ ಗೊತ್ತಿಲ್ಲ. ಅಲ್ಲಿ ಇಡೀ ಶಾಖೆಗೆ ಒಂದೇ ಸ್ಟೇಪ್ಲರ್, ಅದು ಮಂಜುನಾಥರ ಮೇಜಿನ ಮೇಲೆ. ಕಾಗದಕ್ಕೆ ತೂತು ಹೊಡೆಯುವ ಪಂಚು ಟಪಾಲು ವಿಭಾಗದಲ್ಲಿ. ಗೋಂದು ಎಲ್ಲಿರುತ್ತದೆಂದು ಕೇಳಿಕೊಂಡೇ ಹೋಗಬೇಕು. ಕುಡಿಯುವ ನೀರು ಹಜಾರದ ಆ ತುದಿಗೆ. ದಿನಕ್ಕೆ ಇಪ್ಪತ್ತು ಸಲ ಏಳಬೇಕಾಗುತ್ತಿತ್ತು, ಎದ್ದವಳು ಬೈದುಕೊಂಡೇ ಏಳುತ್ತಿದ್ದೆ. ಈಗ ನನ್ನದೇ ಕೆಂಪು ಸ್ಟೇಪ್ಲರ್, ನನ್ನದೇ ಪಂಚು, ಗೋಂದಿನ ಕೋಲು, ಮೂರು ಮಜಲಿನ ಟ್ರೇ, ಪೆನ್ನಿಗೊಂದು ಡಬ್ಬಿ, ಕ್ಲಿಪ್ಪಿಗೊಂದು ಡಬ್ಬಿ. ನೀರಿಗೆ ಬಾಟಲಿ. ಚಹಾಕ್ಕೆ ಮನೆಯಿಂದ ಥರ್ಮಾಸು. ನಾರಾಯಣ ಚಹಾ ಹಿಡಿದು ಬಂದರೆ ಕೈಯಲ್ಲೇ ಬೇಡ ಎಂದು ಸನ್ನೆ ಮಾಡಿದರಾಯಿತು. ಬೆನ್ನಿಗೆ ಬೂರುಗದ ಹತ್ತಿಯ ದಿಂಬು. ಒಂದು ಬುಧವಾರ ಎಲ್ಲವೂ ಕೂಡಿಬಂತು. ಕೈ ಚಾಚಿದೆ, ಎಲ್ಲ ಸಿಕ್ಕಿತು. ಬೆಳಿಗ್ಗೆ ಕೂತವಳು ಊಟಕ್ಕೊಮ್ಮೆ ಬಿಟ್ಟು ಸಂಜೆಯವರೆಗೆ ಏಳಲಿಲ್ಲ. ಆ ಊಟವನ್ನೂ ಡಬ್ಬಿ ತೆರೆದು ಅಲ್ಲೇ ಮಾಡಬಹುದಿತ್ತಲ್ಲ ಎಂದು ಹೊಳೆದು, ಗುರುವಾರದಿಂದ ಹಾಗೇ ಮಾಡಿದೆ.

ಹೀಗೆ ಮೂರು ವಾರ ಕಳೆದಿರಬೇಕು. ಒಂದು ಸಂಜೆ ಕುಮಟಾ ಬಸ್ಸು ಹತ್ತಿ ಕಿಟಕಿ ಸೀಟು ಹಿಡಿದೆ. ಕಂಡಕ್ಟರು ಬಂದು ಎಲ್ಲಿಗೆ ಎಂದ. ಆಧಾರ್ ಕಾರ್ಡು ಮುಂದೆ ಹಿಡಿದು ಕುಮಟಾ ಎನ್ನಲು ಬಾಯಿ ತೆರೆದೆ. ದನಿ ಬರಲಿಲ್ಲ. ಗಾಳಿ ಮಾತ್ರ ಬಂತು. ಕೆಮ್ಮಿ ಮತ್ತೆ ಹೇಳಿದೆ, ಕಪ್ಪೆ ಕೂಗಿದ ಹಾಗೆ ಏನೋ ಹೊರಟಿತು. “ಗಂಟ್ಲು ಕಟ್ಟಿದ್ದಾ ಅಕ್ಕಾ? ಬಿಸಿನೀರು ಕುಡಿರಿ” ಎಂದು ಚೀಟಿ ಹರಿದುಕೊಟ್ಟು ಮುಂದೆ ಹೋದ. ಗಂಟಲಿಗೆ ಏನೂ ಆಗಿರಲಿಲ್ಲ. ಕರ್ಕಿ ದಾಟುವಾಗ ನನಗೆ ಹೊಳೆಯಿತು: ಬೆಳಿಗ್ಗೆ ಇನ್ನೊಬ್ಬ ಕಂಡಕ್ಟರಿಗೆ ಹೊನ್ನಾವರ ಎಂದಿದ್ದೆ. ಸಂಜೆ ಇವನಿಗೆ ಕುಮಟಾ. ಆ ಇಡೀ ದಿನ ನಾನು ಆಡಿದ್ದು ಎರಡೇ ಮಾತು, ಎರಡೂ ಊರಿನ ಹೆಸರು. ಭಾನುವಾರಕ್ಕೆ ಹೆದರಿ ಕಚೇರಿಗೆ ಅಂಟಿಕೊಂಡವಳು ಕಚೇರಿಯ ಮೂಲೆಯಲ್ಲಿ ನನ್ನ ಕೈಯಾರೆ ಒಂದು ಭಾನುವಾರ ಕಟ್ಟಿಕೊಂಡಿದ್ದೆ. ಹಳದೀಪುರ ಬಂತು, ಧಾರೇಶ್ವರ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಪಕ್ಕದವರು ನೋಡಲಿಲ್ಲ, ಮೊಬೈಲು ನೋಡುತ್ತಿದ್ದರು.

ಮೋಜೆಂದರೆ ನೋವು ಮಾತ್ರ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಡಾಕ್ಟರು ಕೊಟ್ಟ ಎರಡು ತಿಂಗಳಲ್ಲಿ ಒಂದೂಕಾಲು ಮುಗಿದಿತ್ತು. ಆ ಗುರುವಾರ ಫರ್ಹಾನಾ, “ಆಂಟಿ, ಒಂದೇ ಸಲಕ್ಕೆ ಎಷ್ಟು ಹೊತ್ತು ಕೂತಿರ್ತೀರಿ?” ಎಂದು ಕೇಳಿದಳು. ನಾನು ಜಂಬದಿಂದಲೇ ನನ್ನ ವ್ಯವಸ್ಥೆಯನ್ನು ಬಣ್ಣಿಸಿದೆ. ಏಳುವ ಪ್ರಮೇಯವೇ ಬರದ ಹಾಗೆ ಮಾಡಿಕೊಂಡಿದ್ದೇನೆ ಎಂದೆ. ಅವಳು ಹಣೆ ಚಚ್ಚಿಕೊಂಡಳು. “ಯಾ ಅಲ್ಲಾ! ಮೇಜು ಸರಿ ಮಾಡಿ ಅಂದ್ರೆ ಗೂಡು ಕಟ್ಟಿದ್ರಲ್ಲ! ಅರ್ಧ ಗಂಟೆಗೆ ಒಂದ್ಸಲ ಏಳ್ಬೇಕು. ಎದ್ದು ನಾಕು ಹೆಜ್ಜೆ ನಡೀಬೇಕು.”

“ಎದ್ದು ಎಲ್ಲಿಗೆ ಹೋಗ್ಲೇ ಮಾರಾಯ್ತಿ?” ಎಂದೆ. ಆ ಪ್ರಶ್ನೆ ನಾನು ಕೇಳಬೇಕೆಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

“ಎಲ್ಲಿಗಾದ್ರೂ ಹೋಗಿ ಆಂಟಿ. ಯಾರ ಹತ್ರ ಆದ್ರೂ ಎಂತಾದ್ರೂ ಕೇಳ್ಕಂಡು ಬನ್ನಿ.”

ಮರುದಿನ ಹನ್ನೊಂದು ಗಂಟೆಗೆ ನನ್ನ ಕೆಂಪು ಸ್ಟೇಪ್ಲರನ್ನು ಡ್ರಾಯರಿನಲ್ಲಿ ಬಚ್ಚಿಟ್ಟು, ಎರಡು ಹಾಳೆ ಹಿಡಿದು ಮಂಜುನಾಥರ ಮೇಜಿಗೆ ಹೋದೆ. ಯಾಕೋ ಮೊದಲ ದಿನ ಕೆಲಸಕ್ಕೆ ಹಾಜರಾದ ಹಾಗಿತ್ತು. ಸ್ಟೇಪ್ಲರ್ ಕೊಡುತ್ತೀರಾ ಎಂದೆ.

“ನಿಮ್ದೇ ಇತ್ತಲ್ಲ ಮೇಡಂ, ಕೆಂಪಿಂದು?”

“ಪಿನ್ನು ಖಾಲಿ ಆಗಿದೆ.”

“ಪಿನ್ನು ನನ್ನತ್ರ ಇದ್ದು. ಡಬ್ಬಿ ಕೊಡ್ಲಾ?”

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಕಷ್ಟ ಇದು. “ಬೇಡ, ಸ್ಟೇಪ್ಲರೇ ಕೊಡಿ” ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಸ್ಟೇಪ್ಲರ್ ಮುಂದಿಟ್ಟು, ದನಿ ತಗ್ಗಿಸಿ, “ಮೇಡಂ, ಕೇಳ್ತೆ ಅಂತ ಬೇಜಾರ್ ಮಾಡ್ಕಬೇಡಿ. ನಮ್ಮಿಂದ ಎಂತಾದ್ರೂ ತಪ್ಪಾಯ್ತಾ? ತಿಂಗ್ಳಾಗ್ತಾ ಬಂತು, ನೀವು ಯಾರ ಹತ್ರವೂ ಎಂತದೂ ಕೇಳ್ಲಿಲ್ಲ. ನಾರಾಯಣನ ಚಾನೂ ಬಿಟ್ರಿ. ವಾಸ್ತು ಅಂದ್ಕಂಡು ಟೇಬಲ್ ತಿರುಗ್ಸಿದ್ದು ನಾನು, ಅದ್ಕೇ ಸಿಟ್ಟಾಗಿರ್ಬೇಕು ಅಂತ ನಾವು ಸುಮ್ನೆ ಇದ್ವಿ” ಎಂದರು.

ಇದನ್ನು ಮೊಬೈಲಿನ ಶಾಸ್ತ್ರ ನನಗೆ ಹೇಳಿರಲಿಲ್ಲ, ಆದರೆ ಈ ಸೀಮೆಯಲ್ಲೇ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ನಮ್ಮ ಕಡೆ ಎರಡು ಮನೆಯವರಿಗೆ ಜಗಳವಾಗಿದೆ ಎಂದು ತಿಳಿಯುವುದು ಕೂಗಾಟದಿಂದಲ್ಲ. ಕೂಗಾಡಿದವರು ಮರುದಿನ ಬೆಳಿಗ್ಗೆ ಬಟ್ಟಲು ಹಿಡಿದು ಹಾಲಿಗೆ ಹಾಕಲು ಹೆಪ್ಪು ಕೇಳಲು ಬರುತ್ತಾರೆ, ಆಗ ಎಲ್ಲ ಸರಿಯಾಯಿತೆಂದು ಅರ್ಥ. ಹೆಪ್ಪು ಕೇಳುವುದು ನಿಂತರೆ ಮಾತ್ರ ಆ ಸಿಟ್ಟು ದೊಡ್ಡದು, ನಡುವೆ ಹಿರಿಯರು ಹೋಗಬೇಕು. ನಮ್ಮಮ್ಮನ ಹತ್ತಿರ ತನ್ನದೇ ಮೊಸರಿದ್ದರೂ ನೆರೆಮನೆಯ ಹೆಪ್ಪು ಚೆನ್ನಾಗಿರುತ್ತದೆ ಎಂದು ತರಿಸುತ್ತಿದ್ದಳು. ಎಲ್ಲಿಯ ಹೆಪ್ಪು, ಎಲ್ಲ ಒಂದೇ. ನಾನು ಕೆಂಪು ಸ್ಟೇಪ್ಲರ್ ಕೊಂಡ ದಿನವೇ ಇಡೀ ಶಾಖೆಯವರಿಗೆ ನೋಟಿಸು ಕೊಟ್ಟ ಹಾಗಾಗಿತ್ತು. ಅವರು ಪಾಪ ತಪ್ಪಿತಸ್ಥರಂತೆ ದೂರ ನಿಂತಿದ್ದರು, ನಾನು ಇವರಿಗೆ ನಾನು ಬೇಡವಾದೆ ಎಂದು ತಿಳಿದು ಇನ್ನೂ ಒಳಗೆ ಸರಿದಿದ್ದೆ.

“ಸಿಟ್ಟಿಲ್ಲ ಮಂಜುನಾಥ್, ಬೆನ್ನು ನೋವು” ಎಂದೆ. ಅವರು ಸಮಾಧಾನದ ಉಸಿರು ಬಿಟ್ಟು, ತಮ್ಮ ಮಾವನಿಗೂ ಹೀಗೇ ಆಗಿತ್ತು ಎಂದು ಶುರುಮಾಡಿ ಇಪ್ಪತ್ತು ನಿಮಿಷ ಆ ಮಾವನ ಸೊಂಟದ ಕಥೆ ಹೇಳಿದರು. ಅಷ್ಟು ನೀರಸವಾದ ಕಥೆಯನ್ನು ನಾನು ಅಷ್ಟು ಸಂತೋಷದಿಂದ ಹಿಂದೆಂದೂ ಕೇಳಿರಲಿಲ್ಲ.

ಆಮೇಲೆ ನನ್ನ ವ್ಯವಸ್ಥೆಯನ್ನು ಒಂದೊಂದಾಗಿ ಕೆಡಿಸಿದೆ. ಚಿರೆಕಲ್ಲು, ದಿಂಬು, ರಿಜಿಸ್ಟರು ಉಳಿದವು, ಅವು ಬೆನ್ನಿಗೆ ಬೇಕು. ಪಂಚನ್ನು ಟಪಾಲು ವಿಭಾಗಕ್ಕೆ ದಾನ ಕೊಟ್ಟೆ, ಅವರದು ಹೇಗೂ ಮುರಿದಿತ್ತು. ಈಗ ನನ್ನದೇ ಪಂಚನ್ನು ಕೇಳಲು ನಾನು ಅಲ್ಲಿಗೆ ಹೋಗುತ್ತೇನೆ. ಥರ್ಮಾಸು ಮನೆಗೆ ಹೋಯಿತು. ಶಾಲಿನಿಯ ಕುರ್ಚಿಯ ಮೇಲಿನ ಕಡತಗಳನ್ನು ಕಪಾಟಿಗೇರಿಸಿದೆ. ಅರ್ಜಿ ಹಿಡಿದು ಬಂದವರು ಈಗ ಅಲ್ಲಿ ಕೂರುತ್ತಾರೆ. ಮೊನ್ನೆ ಇಡಗುಂಜಿ ಕಡೆಯ ಅಜ್ಜಿಯೊಬ್ಬರು ಕೂತವರು, ಕೆಲಸ ಮುಗಿದ ಮೇಲೂ ಮೊಮ್ಮಗಳ ಸುದ್ದಿ ಹೇಳುತ್ತಾ ಮುಕ್ಕಾಲು ಗಂಟೆ ಕಳೆದರು. ನಮ್ಮ ಶಾಖೆಯ ದಕ್ಷತೆ ಕೊಂಚ ಇಳಿದಿರಬಹುದು. ಅದಕ್ಕೆ ಪ್ರತ್ಯೇಕ ಶಾಸ್ತ್ರವಿದೆ, ಬೇಕಾದವರು ನೋಡಿಕೊಳ್ಳಲಿ.

ನಡೆದಾಡಿದ್ದಕ್ಕೋ ಮಾತಾಡಿದ್ದಕ್ಕೋ, ಬೆನ್ನುನೋವು ಇಳಿಯಿತು. ಎರಡು ತಿಂಗಳ ಗಡುವಿಗೆ ಕುಮಟಾದ ಡಾಕ್ಟರು ಬಗ್ಗಿಸಿ ತಿರುಗಿಸಿ ನೋಡಿ, “ಆತು, ಇನ್ನು ಮೂರುವರೆ ವರ್ಷ ಬೇಕಾದ್ರೂ ಕೂರಿ” ಎಂದರು. ಕುರ್ಚಿ ಉಳಿಯಿತು. ನಾನು ಎಷ್ಟು ಕುಣಿಯಬೇಕಿತ್ತೋ ಅಷ್ಟು ಕುಣಿಯಲಿಲ್ಲ, ಯಾಕೆಂದರೆ ಬೆನ್ನು ಸರಿಹೋದರೆ ಗುರುವಾರ ಹೋಗುತ್ತದೆ ಎಂಬುದು ಆಗಲೇ ತಲೆಗೆ ಬಂದಿತ್ತು.

ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ನಾರಾಯಣ ಆ ದಿನ ಎಳೆದು ನಿಲ್ಲಿಸಿದ್ದನ್ನು ಬಿಟ್ಟರೆ ನನ್ನನ್ನು ಯಾರಾದರೂ ಮುಟ್ಟಿ ವರ್ಷಗಳೇ ಆಗಿದ್ದವು. ಹಬ್ಬಕ್ಕೆ ಕಾಲಿಗೆರಗುವ ಮಕ್ಕಳು ಮನೆಯಲ್ಲಿಲ್ಲ, ಜ್ವರ ಬಂದರೆ ಹಣೆ ನೋಡುವವರಿಲ್ಲ. ಗುರುವಾರ ಫರ್ಹಾನಾ ಅಂಗೈಯನ್ನು ಉಜ್ಜಿ ಬಿಸಿ ಮಾಡಿಕೊಂಡು ನನ್ನ ಬೆನ್ನ ಮೇಲಿಟ್ಟಾಗ, ನೋವು ಎಲ್ಲಿದೆ ಎಂದು ಅವಳು ಹುಡುಕುವಾಗ, ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಡಾಕ್ಟರು ಆತು ಎಂದ ಮೇಲೂ ಮೂರು ಗುರುವಾರ ನಾನು ಸುಳ್ಳು ಹೇಳಿದೆ. ಇಲ್ಲೊಂದು ಚೂರು ಇದೆ, ಅಲ್ಲೊಂದು ಹಿಡಿದ ಹಾಗಿದೆ ಎಂದೆ. ಪಿನ್ನಿನ ವಿಷಯಕ್ಕಿಂತ ಈ ಸುಳ್ಳು ನನಗೆ ಸಲೀಸಾಗಿ ಬಂತು.

ನಾಲ್ಕನೆಯ ಗುರುವಾರ ಅವಳು ನಾನು ತೋರಿಸಿದ ಜಾಗವನ್ನು ಒತ್ತಿದಳು. “ಇಲ್ಲೇನಾ ಆಂಟಿ?” ಎಂದಳು. ಹ್ಞೂಂ, ಅಲ್ಲೇ ಎಂದೆ. ಸ್ವಲ್ಪ ಕೆಳಗೆ ಒತ್ತಿ, “ಇಲ್ಲಿ?” ಎಂದಳು. ಅಲ್ಲೂ ಎಂದೆ. ಅವಳು ಎಲ್ಲಿ ಒತ್ತಿದರೂ ನಾನು ಅಲ್ಲೇ ಎನ್ನುತ್ತಿದ್ದೆ. ಅವಳ ಕೈ ನಿಂತಿತು, ಆದರೆ ಎತ್ತಲಿಲ್ಲ, ಹಾಗೆಯೇ ಬೆನ್ನ ಮೇಲೆ ಇಟ್ಟುಕೊಂಡಳು. ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಶಿರಸಿ ಶಿರಸಿ ಎಂದು ಕೂಗುತ್ತಿದ್ದರು.

“ಮುಂದಿನ ವಾರ ಹೇಗೆ ಮಾಡುವಾ ಆಂಟಿ?” ಎಂದಳು ಕೊನೆಗೆ. “ನೋವಿದ್ರೆ ನಾಕೂವರೆಗೇ ಬನ್ನಿ. ನೋವಿಲ್ಲ ಅಂದ್ರೆ ಆರು ಗಂಟೆಗೆ ಬನ್ನಿ. ಆಗ ಪೇಷಂಟ್ ಇರೂದಿಲ್ಲ, ನಾ ಒಬ್ಳೇ ಚಾ ಕುಡಿಯೂದು.”

ನಾನು ಎದ್ದು ಕೂತು ಸೆರಗು ಸರಿಮಾಡಿಕೊಂಡೆ. ಬೆನ್ನು ಹಿಡಿದಾಗ ಏಳುವುದಕ್ಕೂ ಅಷ್ಟು ಕಷ್ಟವಾಗಿರಲಿಲ್ಲ, ಆ ಒಂದು ಮಾತು ಹೊರಡಿಸುವುದಕ್ಕೆ ಆದಷ್ಟು. ಅವಳು ಕೈ ತೊಳೆದು ಒರೆಸಿಕೊಳ್ಳುತ್ತಾ ಕಾದಳು, ಅವಸರ ಮಾಡಲಿಲ್ಲ.

“ಆರು ಗಂಟೆಗೆ ಬರ್ತೆ” ಎಂದೆ.